ವ್ಯಕ್ತಿತ್ವದ ಗುಣಲಕ್ಷಣಗಳು: ಮೈಸೂರು, ಬೆಂಗಳೂರುಗಳಲ್ಲಿ ಅಧ್ಯಯನದ ಚರಿತ್ರೆ

ಕಾಲ ಕಳೆದರೂ ಸನ್ನಿವೇಶ ಬದಲಾದರೂ ಒಬ್ಬರ ಯೋಚನೆ, ಭಾವನೆ, ನಡವಳಿಕೆಗಳಲ್ಲಿ ಬಹುಮಟ್ಟಿಗೆ ಉಳಿದುಬರುವ ಒಲವುಗಳನ್ನು ಮನೋವಿಜ್ಞಾನದಲ್ಲಿ ವ್ಯಕ್ತಿತ್ವದ ಗುಣಲಕ್ಷಣಗಳು ಎನ್ನುತ್ತಾರೆ. ಒಂದು ದಿನ ರೇಗಿದವನು ಮುಂಗೋಪಿಯಲ್ಲ. ಮನೆಯಲ್ಲಿ, ಹೊಲದಲ್ಲಿ, ಬಸ್ಸಿನಲ್ಲಿ, ವರ್ಷಗಟ್ಟಲೆ ಚಿಕ್ಕ ಕಾರಣಕ್ಕೂ ರೇಗುವವನಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಗುಣಲಕ್ಷಣವೆಂದರೆ ಪ್ರಮಾಣದ ಮಾತು. ಮುಂಗೋಪಿಗಳು, ಸಮಾಧಾನಿಗಳು ಎಂದು ಮನುಷ್ಯರು ಎರಡು ಪಂಗಡವಾಗಿ ಒಡೆದಿಲ್ಲ. ಸಿಟ್ಟು ಎಲ್ಲರಲ್ಲೂ ಉಂಟು, ಹೆಚ್ಚಿನವರಲ್ಲಿ ಅದು ನಡುಮಟ್ಟದ್ದು. ಆ ಪ್ರಮಾಣವನ್ನು ಅಳೆಯುವುದು ಹೇಗೆ, ಯಾವ ಯಾವ ಗುಣಗಳನ್ನು ಅಳೆಯಬೇಕು ಎಂಬ ಎರಡು ಪ್ರಶ್ನೆಗಳೇ ಈ ಶಾಖೆಯನ್ನು ನೂರು ವರ್ಷಗಳಿಂದ ನಡೆಸಿಕೊಂಡು ಬಂದಿವೆ.

ಕರ್ನಾಟಕದಲ್ಲಿ ಈ ವಿದ್ಯೆ ಬೇರುಬಿಟ್ಟದ್ದು ಮೈಸೂರಿನಲ್ಲಿ. 1905ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯಕ್ಕಾಗಿ ಪ್ರಾಯೋಗಿಕ ಮನೋವಿಜ್ಞಾನದ ಪಠ್ಯಕ್ರಮ ರೂಪಿಸಿದ್ದ ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್ 1921ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ ಬಂದರು. ಅವರ ಅವಧಿಯಲ್ಲೇ, 1924ರಲ್ಲಿ, ಇಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ಬಾನುಲಿ ಕೇಂದ್ರ ನಡೆಸಿದವರೆಂದು ಅವರನ್ನು ನಾಡು ನೆನೆಯುತ್ತದೆ. ಪ್ರಯೋಗಶಾಲೆ ಕಟ್ಟಿದ ಮೇಷ್ಟ್ರೆಂದು ನೆನೆಯುವವರು ಕಡಿಮೆ. ಲಂಡನ್ನಿನಲ್ಲಿ ಗೋಪಾಲಸ್ವಾಮಿಯವರು ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಸಂಶೋಧನೆ ನಡೆಸಿದ್ದರು. ಈ ಸಂಬಂಧ ಮುಖ್ಯವಾದದ್ದು, ಏಕೆಂದರೆ ಗುಣಲಕ್ಷಣಗಳ ಅಧ್ಯಯನ ಇಂದಿಗೂ ನೆಚ್ಚಿಕೊಂಡಿರುವ ಗಣಿತ ಸ್ಪಿಯರ್‌ಮನ್ನರದು.

1904ರಲ್ಲಿ ಸ್ಪಿಯರ್‌ಮನ್ ಮುಂದಿಟ್ಟ ಆ ವಿಧಾನಕ್ಕೆ ಅಂಶ ವಿಶ್ಲೇಷಣೆ ಎಂದು ಹೆಸರು. ಅದರ ಹಿಂದಿನ ಯೋಚನೆ ಸರಳ. ನೂರಾರು ಜನರಿಗೆ ಹಲವು ಪ್ರಶ್ನೆ ಕೇಳಿದಾಗ ಕೆಲವು ಉತ್ತರಗಳು ಜೊತೆಜೊತೆಯಾಗಿ ಏರಿಳಿಯುತ್ತವೆ. ಹೊಸಬರೊಡನೆ ಮಾತಿಗಿಳಿಯುವವರು ಗುಂಪಿನಲ್ಲಿ ಮುಂದಾಳಾಗುವುದೂ ಹೆಚ್ಚು, ಒಂಟಿಯಾಗಿ ಕೂರುವುದು ಕಡಿಮೆ. ಹೀಗೆ ಒಟ್ಟಿಗೆ ಚಲಿಸುವ ಉತ್ತರಗಳ ಹಿಂದೆ ಒಂದೇ ಅಂಶ ಕೆಲಸ ಮಾಡುತ್ತಿದೆ ಎಂದು ಊಹಿಸಿ ಅದನ್ನು ಲೆಕ್ಕದಿಂದ ಹೊರತೆಗೆಯುತ್ತಾರೆ. ಸ್ಪಿಯರ್‌ಮನ್ ಇದನ್ನು ಬಳಸಿದ್ದು ಬುದ್ಧಿಶಕ್ತಿಗೆ. ಅದೇ ಲಂಡನ್ನಿನಲ್ಲಿ ಅವರ ಗರಡಿಯಲ್ಲೇ ಪಳಗಿದ ರೇಮಂಡ್ ಕ್ಯಾಟೆಲ್ ಅದನ್ನು ವ್ಯಕ್ತಿತ್ವಕ್ಕೆ ಹೊರಳಿಸಿ, 1949ರಲ್ಲಿ ಹದಿನಾರು ಅಂಶಗಳ ಪ್ರಶ್ನಾವಳಿಯನ್ನು ಪ್ರಕಟಿಸಿದರು.

ಯಾವ ಗುಣಗಳನ್ನು ಅಳೆಯಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕಿದ್ದು ನಿಘಂಟಿನಲ್ಲಿ. ಮನುಷ್ಯರಿಗೆ ಪರಸ್ಪರರಲ್ಲಿ ಮುಖ್ಯವೆನಿಸಿದ ಭೇದಗಳಿಗೆಲ್ಲ ಭಾಷೆ ಎಂದೋ ಹೆಸರಿಟ್ಟಿರುತ್ತದೆ ಎಂಬ ನಂಬಿಕೆಯಿಂದ 1884ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಇಂಗ್ಲಿಷ್ ಪದಕೋಶವೊಂದರಲ್ಲಿ ಸ್ವಭಾವಸೂಚಕ ಪದಗಳನ್ನು ಹುಡುಕಿದರು. ಸುಮಾರು ಸಾವಿರ ಸಿಕ್ಕವು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲೂ ಅಂಥ ಪದಗಳ ರಾಶಿಯೇ ಇದೆ. ಹಟಮಾರಿ, ಅಂಜುಬುರುಕ, ಸಿಡುಕ, ಹುಂಬ, ಜಿಪುಣ ಎಂದು ಕನ್ನಡಿಗರು ಇಂದಿಗೂ ಜನರನ್ನು ತೂಗುವುದು ಇಂಥ ಪದಗಳಿಂದಲೇ. ಗಾಲ್ಟನ್ ತೊಡಗಿದ ಕೆಲಸವನ್ನು ದೊಡ್ಡದಾಗಿ ಮಾಡಿದವರು ಅಮೆರಿಕದ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್. 1936ರಲ್ಲಿ ಅವರು ವೆಬ್‌ಸ್ಟರ್ ನಿಘಂಟಿನಿಂದ 17,953 ಪದಗಳನ್ನು ಆರಿಸಿ ನಾಲ್ಕು ಪಟ್ಟಿಗಳಲ್ಲಿ ಹಂಚಿದರು. ಸ್ಥಿರ ಲಕ್ಷಣಗಳನ್ನು ಹೇಳುವ ಪದಗಳು 4,504. ಆ ಗಳಿಗೆಯ ಮನಸ್ಥಿತಿ ಹೇಳುವವು 4,541. ಯೋಗ್ಯ, ನೀಚ ಎಂಬಂತೆ ತೀರ್ಪು ಕೊಡುವವು 5,226. ಎಲ್ಲಕ್ಕಿಂತ ದೊಡ್ಡ ಪಟ್ಟಿ ಇದು. ಉಳಿದದ್ದು ಚಿಲ್ಲರೆ. ತೀರ್ಪಿನ ಪದಗಳು ಆಡಿಸಿಕೊಂಡವರಿಗಿಂತ ಆಡಿದವರ ಬಗ್ಗೆ ಹೆಚ್ಚು ಹೇಳುತ್ತವೆ ಎಂದು ಅವನ್ನು ಬದಿಗಿಟ್ಟರು. ವಿಜ್ಞಾನಕ್ಕೆ ಆ ವಿಂಗಡಣೆ ಬೇಕಿತ್ತು. ಆದರೆ ಜನ ಜನರ ಬಗ್ಗೆ ಆಡುವ ಮಾತಿನಲ್ಲಿ ಅತಿ ದೊಡ್ಡ ಪಾಲು ಹೀಗೆ ಹೊರಗುಳಿಯಿತು ಎಂಬುದನ್ನೂ ಗಮನಿಸಬೇಕು. ಭಾರತದಲ್ಲಿ ಮುಂದೆ ಎದ್ದ ತೊಡಕು ಇಲ್ಲಿಂದಲೇ ಹುಟ್ಟಿದ್ದು.

ಕ್ಯಾಟೆಲ್ ಹದಿನಾರು ಎಂದರೆ ಲಂಡನ್ನಿನ ಹ್ಯಾನ್ಸ್ ಐಸೆಂಕ್ ಮೊದಲು ಎರಡು, ಆಮೇಲೆ ಮೂರು ಎಂದರು. 1961ರಲ್ಲಿ ಅಮೆರಿಕದ ವಾಯುಪಡೆಗಾಗಿ ದುಡಿಯುತ್ತಿದ್ದ ಟ್ಯೂಪ್ಸ್ ಮತ್ತು ಕ್ರಿಸ್ಟಲ್ ಐದರಲ್ಲಿ ನಿಲ್ಲಿಸಿದರು. ಹೊಸತಿಗೆ ತೆರೆದ ಮನಸ್ಸು, ಕರ್ತವ್ಯಪ್ರಜ್ಞೆ, ಬಹಿರ್ಮುಖತೆ, ಸೌಹಾರ್ದ, ಭಾವನೆಗಳ ಅಸ್ಥಿರತೆ ಎಂಬ ಈ ಐದರ ಮಾದರಿ, ಕೋಸ್ಟಾ ಮತ್ತು ಮೆಕ್‌ಕ್ರೇ ಅವರ 1985ರ ಪ್ರಶ್ನಾವಳಿಯ ನಂತರ, ಜಗತ್ತಿನ ಬಹುಪಾಲು ಸಂಶೋಧನೆಯ ಚೌಕಟ್ಟಾಯಿತು.

ಬೆಂಗಳೂರು ಈ ಕಥೆಗೆ ಬಂದದ್ದು ಆಸ್ಪತ್ರೆಯ ಬಾಗಿಲಿನಿಂದ. 1954ರಲ್ಲಿ ಇಲ್ಲಿನ ಮಾನಸಿಕ ಆಸ್ಪತ್ರೆಗೆ ಹೊಂದಿಕೊಂಡು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆದವು. ಸಂಸ್ಥೆಯ ಮೊದಲ ನಿರ್ದೇಶಕರ ಹೆಸರು ಎಂ. ವಿ. ಗೋವಿಂದಸ್ವಾಮಿ, ಮೈಸೂರಿನ ಗೋಪಾಲಸ್ವಾಮಿಯವರೊಡನೆ ಈ ಹೆಸರು ಕಲಸಿಹೋಗದಂತೆ ಓದುಗರು ಎಚ್ಚರವಹಿಸಬೇಕು. ರೋಗಿಗಳನ್ನು ನೋಡುವವರಿಗೆ ಬೇಕಾದದ್ದು ಗುಣಗಳ ಪೂರ್ಣ ನಕ್ಷೆಯಲ್ಲ, ಯಾರಿಗೆ ಚಿಕಿತ್ಸೆ ಬೇಕೆಂಬ ಸುಳಿವು. ಅಮೆರಿಕದ ಮಿನ್ನೆಸೋಟದಲ್ಲಿ 1943ರಲ್ಲಿ ಪ್ರಕಟವಾದ ಎಂ.ಎಂ.ಪಿ.ಐ. ಪ್ರಶ್ನಾವಳಿ ಹಾಗೆಯೇ ಹುಟ್ಟಿತ್ತು: ರೋಗಿಗಳ ಉತ್ತರಗಳನ್ನು ಅವರನ್ನು ನೋಡಲು ಬಂದ ನೆಂಟರಿಷ್ಟರ ಉತ್ತರಗಳೊಂದಿಗೆ ಹೋಲಿಸಿ, ವ್ಯತ್ಯಾಸ ತೋರಿದ ಪ್ರಶ್ನೆಗಳನ್ನಷ್ಟೇ ಉಳಿಸಿಕೊಂಡಿದ್ದರು. ಬೆಂಗಳೂರಿನಲ್ಲಿ ಎಚ್. ಎನ್. ಮೂರ್ತಿ 1960ರ ದಶಕದಲ್ಲಿ ಇದೇ ಜಾಡಿನಲ್ಲಿ ಬಹುಮುಖಿ ವ್ಯಕ್ತಿತ್ವ ಪ್ರಶ್ನಾವಳಿಯನ್ನು ಸಿದ್ಧಪಡಿಸಿದರು. ಕನ್ನಡದಲ್ಲಿ ಮನಸ್ಸಿನ ವಿಚಾರವನ್ನು ಸಾಮಾನ್ಯ ಓದುಗರಿಗೆ ಮುಟ್ಟಿಸಿದ್ದು ಮಾತ್ರ ಬೇರೊಬ್ಬ ವೈದ್ಯರು: 'ಕೊರವಂಜಿ' ಹಾಸ್ಯಪತ್ರಿಕೆಯ ಸಂಪಾದಕ ರಾಶಿ, ಅಂದರೆ ಡಾ. ಎಂ. ಶಿವರಾಂ. ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಪಶ್ಚಿಮದ ಅಳತೆಗೋಲು ಸಾಕೇ ಎಂಬ ಪ್ರಶ್ನೆಯೂ ಇದೇ ಸಂಸ್ಥೆಗಳಲ್ಲಿ ಎದ್ದಿತು. ಬೆಂಗಳೂರಿನ ಸಂಸ್ಥೆಯಲ್ಲಿದ್ದ ಎಸ್. ಕೆ. ರಾಮಚಂದ್ರರಾವ್ ಭಾರತೀಯ ಮನೋವಿಚಾರದ ಚರಿತ್ರೆ ಬರೆದರು, ಮೈಸೂರಿನ ಬಿ. ಕೃಷ್ಣನ್ ಪ್ರಾಚೀನ ಭಾರತದ ಸ್ವಭಾವ ವರ್ಗೀಕರಣಗಳನ್ನು ಪರಿಶೀಲಿಸಿದರು. ಸಾಮಗ್ರಿ ಸಮೃದ್ಧವಾಗಿತ್ತು. ಸಾಂಖ್ಯರದೂ ಗೀತೆಯದೂ ಆದ ಸತ್ತ್ವ, ರಜಸ್ಸು, ತಮಸ್ಸು ಎಂಬ ತ್ರಿಗುಣಗಳಿದ್ದವು. ಚರಕಸಂಹಿತೆ ಸಾತ್ತ್ವಿಕ ಏಳು, ರಾಜಸ ಆರು, ತಾಮಸ ಮೂರು ಎಂದು ಮನಸ್ಸಿನ ಬಗೆಗಳನ್ನು ಎಣಿಸುತ್ತದೆ. ಒಟ್ಟು ಹದಿನಾರು, ಕ್ಯಾಟೆಲ್ಲರ ಸಂಖ್ಯೆಗೆ ಸಮವಾದದ್ದು ಕಾಕತಾಳೀಯ, ಅದಕ್ಕೆ ಬೇರೆ ಅರ್ಥ ಹಚ್ಚಬೇಕಿಲ್ಲ. 1998ರಲ್ಲಿ ನಿಮ್ಹಾನ್ಸ್ ಪತ್ರಿಕೆಯಲ್ಲಿ ಮರುತಂ, ಬಲೋಧಿ ಮತ್ತು ಮಿಶ್ರಾ ಅವರು ತ್ರಿಗುಣಗಳನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು.

ತೊಡಕು ಇರುವುದು ಇಲ್ಲಿ. ಆಲ್‌ಪೋರ್ಟ್ ಕೈಬಿಟ್ಟ ತೀರ್ಪೇ ತ್ರಿಗುಣ ಕಲ್ಪನೆಯ ತಿರುಳು. ಗೀತೆಯಲ್ಲಿ ಗುಣಗಳು ಅಕ್ಕಪಕ್ಕ ಕೂತಿಲ್ಲ, ಮೇಲುಕೆಳಗೆ ನಿಂತಿವೆ. ಸಾಧಕ ತಮಸ್ಸಿನಿಂದ ಏರಿ ಕೊನೆಗೆ ಮೂರನ್ನೂ ದಾಟಬೇಕು. ಹೀಗಿರುವಾಗ ಪ್ರಶ್ನಾವಳಿಯ ಮುಂದೆ ಕೂತವರು ತಮ್ಮನ್ನು ತಾಮಸರೆಂದು ಗುರುತಿಸಿಕೊಳ್ಳುವುದು ಕಷ್ಟ. ಒಳ್ಳೆಯವರೆನಿಸಿಕೊಳ್ಳುವ ಆಸೆ ಯಾವ ಪ್ರಶ್ನಾವಳಿಯನ್ನೂ ಬಿಟ್ಟಿಲ್ಲ, ಆದರೆ ಇಲ್ಲಿ ಅದು ಅಳತೆಯನ್ನೇ ನುಂಗಬಲ್ಲದು. ಅದಕ್ಕಾಗಿ ಕಲ್ಪನೆಯನ್ನೇ ತಳ್ಳಿಹಾಕಲೂ ಆಗದು. 2013ರಲ್ಲಿ ಸಿಂಗ್, ಮಿಶ್ರಾ ಮತ್ತು ಡಿ ರಾಡ್ ಹಿಂದಿಯ ಸ್ವಭಾವಸೂಚಕ ಪದಗಳನ್ನು ವಿಶ್ಲೇಷಿಸಿದಾಗ ಮೂಡಿದ ಮುಖ್ಯ ಅಂಶಗಳು ತ್ರಿಗುಣಗಳಿಗೇ ಹತ್ತಿರವಾಗಿದ್ದವು.

ಗುಣಲಕ್ಷಣಗಳ ಇರುವಿಕೆಯನ್ನೇ ಪ್ರಶ್ನಿಸಿದವರು ವಾಲ್ಟರ್ ಮಿಷೆಲ್. ಪ್ರಶ್ನಾವಳಿಯ ಅಂಕಕ್ಕೂ ಒಂದು ಸನ್ನಿವೇಶದಲ್ಲಿನ ನಡವಳಿಕೆಗೂ ಇರುವ ಸಹಸಂಬಂಧ 0.30ರ ಆಸುಪಾಸನ್ನು ದಾಟುವುದು ಅಪರೂಪ ಎಂದು ಅವರು 1968ರಲ್ಲಿ ತೋರಿಸಿದರು. ಹಲವು ದಿನಗಳ ನಡವಳಿಕೆಯನ್ನು ಒಟ್ಟುಗೂಡಿಸಿ ನೋಡಿದರೆ ಸಂಬಂಧ ಗಟ್ಟಿಯಾಗುತ್ತದೆ ಎಂಬ ಉತ್ತರ ಆಮೇಲೆ ಬಂತು.

ಇನ್ನೊಂದು ಕಷ್ಟ ಕ್ಷೇತ್ರಕಾರ್ಯದ್ದು. ಪಾರ್ಟಿಗಳಲ್ಲಿ ಕಳೆಗಟ್ಟಿಸುವಿರಾ ಎಂಬಂಥ ಪ್ರಶ್ನೆಯನ್ನು ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರಿನಂಥ ಊರಿಗೆ ಒಯ್ಯುವಾಗ ಪಾರ್ಟಿಯ ಜಾಗಕ್ಕೆ ಮದುವೆ, ಜಾತ್ರೆ ತಂದರೆ ಸಾಲದು. ಮದುವೆಮನೆಯಲ್ಲಿ ಹೊಸ ಸೊಸೆ ಮಾತಾಡದಿರುವುದು ಅಂತರ್ಮುಖತೆಯೋ ಮರ್ಯಾದೆಯೋ ಎಂಬುದನ್ನು ಅಂಕಪಟ್ಟಿ ಹೇಳದು. ಓದು ಬಾರದವರಿಗೆ ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಹೇಳಬೇಕು. ಎದುರು ಕೂತ ವಿದ್ಯಾವಂತರಿಗೆ ಇಲ್ಲ ಎನ್ನಲು ಸಂಕೋಚಪಟ್ಟು ಎಲ್ಲದಕ್ಕೂ ಹೌದೆನ್ನುವವರು ಇರುತ್ತಾರೆ. 2019ರಲ್ಲಿ ಲಾಜಾಜ್ ಮತ್ತು ಸಂಗಡಿಗರು ಕಡಿಮೆ ಮತ್ತು ಮಧ್ಯಮ ಆದಾಯದ 23 ದೇಶಗಳಲ್ಲಿ ಮುಖಾಮುಖಿ ಕೇಳಿ ದಾಖಲಿಸಿದ 94,751 ಮಂದಿಯ ಉತ್ತರಗಳನ್ನು ಪರಿಶೀಲಿಸಿದರು. ಐದು ಗುಣಗಳ ಪ್ರಶ್ನೆಗಳು ಅಲ್ಲಿ ನಿರೀಕ್ಷಿಸಿದಂತೆ ಐದು ಗುಂಪುಗಳಾಗಿ ಕೂಡಲಿಲ್ಲ. ಅಂತರ್ಜಾಲದಲ್ಲಿ ತಾವಾಗಿಯೇ ಉತ್ತರ ತುಂಬಿದವರಲ್ಲಿ ಮಾತ್ರ ಆ ಐದು ಹೆಚ್ಚು ಸ್ಪಷ್ಟವಾಗಿ ಕಂಡವು.