ಜಮಖಂಡಿಯ ಮೂರು ಗೆರೆಗಳು

ಭೂಮಿಯ ಮೇಲೆ ಕೈಗೆ ಸಿಗುವುದಕ್ಕೆ 27 ವರ್ಷ ಮೊದಲೇ ಸೂರ್ಯನಲ್ಲಿ ಪತ್ತೆಯಾದ ಧಾತುವೊಂದಿದೆ. ಅದೇ ಹೀಲಿಯಂ. 1868ರ ಆಗಸ್ಟ್ 18ರ ಗ್ರಹಣದಲ್ಲಿ ಗುಂಟೂರಿನಿಂದ ಫ್ರೆಂಚ್ ವಿಜ್ಞಾನಿ ಜಾನ್ಸೆನ್ ಅದನ್ನು ಕಂಡುಹಿಡಿದರು ಎಂದು ಈ ಕಥೆಯನ್ನು ಒಂದೇ ವಾಕ್ಯದಲ್ಲಿ ಮುಗಿಸುವುದು ರೂಢಿ. ವಾಕ್ಯವೇನೋ ಅಚ್ಚುಕಟ್ಟಾಗಿದೆ, ನಡೆದದ್ದು ಮಾತ್ರ ಅಷ್ಟು ಅಚ್ಚುಕಟ್ಟಾಗಿರಲಿಲ್ಲ. ಆ ನಡೆದದ್ದರಲ್ಲಿ ನಮ್ಮ ಜಮಖಂಡಿಗೂ ಒಂದು ಪಾಲಿದೆ. ಅದು ಎಷ್ಟು ದೊಡ್ಡ ಪಾಲು, ಯಾವ ಬಗೆಯದು ಎಂಬುದನ್ನು ನಾವು ಸರಿಯಾಗಿ ಅಳೆದು ನೋಡಬೇಕು.

ಹಿನ್ನೆಲೆಯಿಂದ ಆರಂಭಿಸೋಣ. 1835ರಲ್ಲಿ ಫ್ರೆಂಚ್ ತತ್ತ್ವಜ್ಞಾನಿ ಆಗಸ್ಟ್ ಕಾಂಟ್, ನಕ್ಷತ್ರಗಳು ಯಾವ ವಸ್ತುವಿನಿಂದ ಆಗಿವೆ ಎಂಬುದು ಮನುಷ್ಯನಿಗೆ ಎಂದೆಂದಿಗೂ ತಿಳಿಯಲಾರದು ಎಂದು ಬರೆದರು. ಅವರು ತೀರಿಕೊಂಡು ಎರಡೇ ವರ್ಷಗಳಲ್ಲಿ, ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಕಿರ್ಕಾಫ್ ಮತ್ತು ಬುನ್ಸೆನ್ ಆ ಬಾಗಿಲನ್ನು ತೆರೆದರು. ಕಾದ ಅನಿಲದ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಬಣ್ಣದ ಗೆರೆಗಳು ಕಾಣುತ್ತವೆ. ಪ್ರತಿಯೊಂದು ಧಾತುವಿಗೂ ಅದರದೇ ಆದ ಗೆರೆಗಳ ಗುಂಪಿರುತ್ತದೆ, ಬೆರಳಚ್ಚಿನಂತೆ. ಈ ಗೆರೆಗಳ ಸಾಲೇ ರೋಹಿತ. ಹದಿನೈದು ಕೋಟಿ ಕಿಲೋಮೀಟರ್ ದೂರದ ಸೂರ್ಯನ ಬೆರಳಚ್ಚನ್ನೂ ಇಲ್ಲಿಂದಲೇ ಓದಬಹುದಾಯಿತು.

ಆದರೆ ಒಂದು ತೊಡಕಿತ್ತು. ಸೂರ್ಯಬಿಂಬದ ಅಂಚಿನಲ್ಲಿ ಚಾಚಿಕೊಳ್ಳುವ ಕೆಂಪು ಜ್ವಾಲೆಗಳು ಖಗ್ರಾಸ ಗ್ರಹಣದಲ್ಲಿ ಮಾತ್ರ ಕಣ್ಣಿಗೆ ಬೀಳುತ್ತಿದ್ದವು. ರೋಹಿತದರ್ಶಕ ಕೈಗೆ ಬಂದ ಮೇಲೆ ಒದಗಿದ ಮೊದಲ ದೊಡ್ಡ ಅವಕಾಶವೇ 1868ರ ಗ್ರಹಣ. ಅದರ ನೆರಳು ಅರಬ್ಬೀ ಸಮುದ್ರವನ್ನು ದಾಟಿ, ಜಮಖಂಡಿ ಮತ್ತು ಬಿಜಾಪುರದ ಸೀಮೆಯನ್ನು ಹಾಯ್ದು, ನಿಜಾಮರ ನಾಡಿನ ಮೂಲಕ ಮಚಲೀಪಟ್ಟಣದ ಬಳಿ ಬಂಗಾಳ ಕೊಲ್ಲಿಗಿಳಿಯಿತು. ಗುಂಟೂರಿನಲ್ಲಿ ಜಾನ್ಸೆನ್ ಇದ್ದರು; ಮತ್ತೊಂದು ತಂಡದೊಡನೆ ಮೇಜರ್ ಟೆನೆಂಟ್ ಸಹ ಅದೇ ಊರಿನಲ್ಲಿದ್ದರು. ಮಚಲೀಪಟ್ಟಣದಲ್ಲಿ ಮದರಾಸು ವೀಕ್ಷಣಾಲಯದ ಪೋಗ್ಸನ್ ಕಾದಿದ್ದರು. ಅದೇ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ವನಪರ್ತಿಗೆ ತೆರಳಿದ್ದರು. ಹಿಂದಿನ ವರ್ಷವಷ್ಟೇ ಬೆಳಕು ಏರಿಳಿಯುವ ನಕ್ಷತ್ರವೊಂದನ್ನು ಕಂಡುಹಿಡಿದಿದ್ದ ಭಾರತೀಯ ಅವರು.

ಜಮಖಂಡಿಗೆ ಬಂದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು 1781ರಲ್ಲಿ ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರಿಗೆ ತಾತ. ದಕ್ಷಿಣ ಗೋಳದ ಆಕಾಶವನ್ನು ಅಳೆದ ಸರ್ ಜಾನ್ ಹರ್ಷೆಲ್ ತಂದೆ. ಮೊಮ್ಮಗ ಭಾರತದ ಭೂಮಾಪನ ಇಲಾಖೆಯ ಎಂಜಿನಿಯರ್. ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ, ಅದು ಒದಗಿಸಿದ್ದ ಉಪಕರಣಗಳೊಂದಿಗೆ ಅವರು ಪಟವರ್ಧನರ ಆ ಪುಟ್ಟ ಸಂಸ್ಥಾನದಲ್ಲಿ ಬೀಡುಬಿಟ್ಟಿದ್ದರು. ಆಗಸ್ಟ್ ಎಂದರೆ ಮಳೆಗಾಲ. ಗ್ರಹಣದ ಅಮೂಲ್ಯ ನಿಮಿಷಗಳಲ್ಲಿ ಮೋಡಗಳು ಸೂರ್ಯನಿಗೆ ಅಡ್ಡ ಬಂದವು. ಮೋಡ ಸರಿದ ಅಲ್ಪಾವಕಾಶದಲ್ಲಿ ಹರ್ಷೆಲ್ ಜ್ವಾಲೆಯೊಂದರ ಮೇಲೆ ಉಪಕರಣವನ್ನು ನೆಟ್ಟರು. ಮೂರು ಉಜ್ಜ್ವಲ ಗೆರೆಗಳು ಕಂಡವು: ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ಜ್ವಾಲೆಗಳು ಉರಿಯುವ ಅನಿಲವೆಂಬುದು ಖಚಿತವಾಯಿತು. ಕೆಂಪು ಮತ್ತು ನೀಲಿ ಗೆರೆಗಳು ಜಲಜನಕದವು. ಕಿತ್ತಳೆ ಗೆರೆಯನ್ನು ಅಳೆದ ಹರ್ಷೆಲ್, ಅದು ಸೋಡಿಯಂ ಧಾತುವಿನ ‘ಡಿ’ ಗೆರೆಯ ಸ್ಥಾನದಲ್ಲಿದೆ ಎಂದು ನಿರ್ಧರಿಸಿದರು.

ಅದು ಸೋಡಿಯಂ ಆಗಿರಲಿಲ್ಲ. ಸೋಡಿಯಂನ ಜೋಡಿಗೆರೆಗಳ ತರಂಗಾಂತರ 589.0 ಮತ್ತು 589.6 ನ್ಯಾನೊಮೀಟರ್. ಜಮಖಂಡಿಯಲ್ಲಿ ಕಂಡ ಗೆರೆಯದು 587.6. ಎರಡು ನ್ಯಾನೊಮೀಟರ್ ಒಳಗಿನ ಈ ಅಂತರವನ್ನು ಮೋಡದ ಮರೆಯಲ್ಲಿ, ಅವಸರದ ನಿಮಿಷಗಳಲ್ಲಿ, ಅಂದಿನ ಉಪಕರಣದಿಂದ ಗುರುತಿಸುವುದು ಸುಲಭವಲ್ಲ. ಆ ದಿನ ಆ ಗೆರೆಯನ್ನು ನೋಡಿದ ಇತರರೂ ಅದನ್ನು ‘ಡಿ’ ಗೆರೆಯೆಂದೋ ಅದರ ಆಸುಪಾಸಿನದೆಂದೋ ಬರೆದಿಟ್ಟರು. ಜಾನ್ಸೆನ್ ಸಹ ಹೊಸ ಧಾತುವಿನ ಮಾತೆತ್ತಲಿಲ್ಲ. ಅವರ ನಿಜವಾದ ಸಾಧನೆ ಬೇರೆ, ಮತ್ತು ಅದು ಸಣ್ಣದಲ್ಲ. ಗೆರೆಗಳು ಅಷ್ಟು ಪ್ರಖರವಾಗಿದ್ದುದನ್ನು ಕಂಡು, ಮರುದಿನ ಗ್ರಹಣವಿಲ್ಲದ ಹಗಲಿನಲ್ಲಿಯೇ ಅವರು ಅವನ್ನು ಮತ್ತೆ ನೋಡಿದರು. ಗ್ರಹಣಕ್ಕಾಗಿ ವರ್ಷಗಟ್ಟಲೆ ಕಾಯುವ ಕಾಲ ಅಲ್ಲಿಗೆ ಮುಗಿಯಿತು.

ಅದೇ ಉಪಾಯವನ್ನು ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕಿಯರ್ ಸ್ವತಂತ್ರವಾಗಿ ಸಾಧಿಸಿದ್ದು ಅಕ್ಟೋಬರ್ 20ರಂದು. ಭಾರತದಿಂದ ಹಡಗಿನಲ್ಲಿ ಹೋದ ಜಾನ್ಸೆನ್ ಪತ್ರವೂ ಲಾಕಿಯರ್ ವರದಿಯೂ ಪ್ಯಾರಿಸ್ಸಿನ ಅಕಾಡೆಮಿಯ ಮುಂದೆ ಒಂದೇ ದಿನ, ಅಕ್ಟೋಬರ್ 26ರಂದು, ಬಂದವು. ಇಬ್ಬರ ಮುಖಗಳನ್ನೂ ಹೊತ್ತ ಪದಕವೊಂದನ್ನು ಫ್ರಾನ್ಸ್ ಬಳಿಕ ಅಚ್ಚು ಹಾಕಿಸಿತು. ಲಾಕಿಯರ್ ವೃತ್ತಿಯಿಂದ ಯುದ್ಧ ಕಚೇರಿಯ ಗುಮಾಸ್ತ. ಗ್ರಹಣದ ಅವಸರವಿಲ್ಲದೆ ದಿನದಿನವೂ ನೋಡಬಲ್ಲವರಾಗಿದ್ದ ಅವರು, ಹಳದಿ ಗೆರೆ ಸೋಡಿಯಂ ಜೊತೆ ಕೂಡುವುದಿಲ್ಲವೆಂಬುದನ್ನು ಕಂಡುಕೊಂಡರು. ಪ್ರಯೋಗಾಲಯದ ಯಾವ ಅನಿಲವೂ ಆ ಗೆರೆಯನ್ನು ಕೊಡಲಿಲ್ಲ. ಹಾಗಾದರೆ ಇದು ಭೂಮಿಯಲ್ಲಿ ಕಾಣದ ವಸ್ತು ಎಂದು ಊಹಿಸಿದರು. ಸೂರ್ಯನ ಗ್ರೀಕ್ ಹೆಸರಾದ ಹೀಲಿಯೋಸ್‌ನಿಂದ ಹೀಲಿಯಂ ಎಂಬ ಹೆಸರು ಬಂತು. ಸೋಡಿಯಂ, ಕ್ಯಾಲ್ಸಿಯಂಗಳ ಹಾಗೆ ಲೋಹಕ್ಕೊಪ್ಪುವ ‘ಇಯಂ’ ಎಂಬ ಬಾಲ ಆ ಅನಿಲಕ್ಕೆ ಅಂಟಿದ್ದು ಇಂದಿಗೂ ಉಳಿದಿದೆ.

ಬಹಳ ಮಂದಿ ರಸಾಯನಶಾಸ್ತ್ರಜ್ಞರು ನಂಬಲಿಲ್ಲ. ಕೊನೆಗೆ 1895ರಲ್ಲಿ ಲಂಡನ್ನಿನ ವಿಲಿಯಂ ರ‍್ಯಾಮ್ಸೆ ಯುರೇನಿಯಂ ಇರುವ ಕ್ಲೀವೈಟ್ ಎಂಬ ಖನಿಜವನ್ನು ಆಮ್ಲದಲ್ಲಿ ಕಾಯಿಸಿದಾಗ ಅದೇ ಹಳದಿ ಗೆರೆ ಹೊಳೆಯಿತು. ಸೂರ್ಯನ ದ್ರವ್ಯದಲ್ಲಿ ಸುಮಾರು ಕಾಲುಭಾಗವಾಗಿರುವ ಹೀಲಿಯಂ ನಮ್ಮ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಐದು ಭಾಗ ಮಾತ್ರ. ಎರಡೆಡೆಯಲ್ಲಿಯೂ ಅದರ ಹುಟ್ಟು ಬೇರೆ ಬೇರೆ. ಭೂಮಿಯಲ್ಲಿ ಯುರೇನಿಯಂ, ಥೋರಿಯಂಗಳು ಸವೆಯುತ್ತ ಅದನ್ನು ಹೊರಚೆಲ್ಲುತ್ತವೆ. ಸೂರ್ಯನ ಗರ್ಭದಲ್ಲಿ ಜಲಜನಕ ಬೆಸೆದುಕೊಂಡು ಹೀಲಿಯಂ ಆಗುತ್ತದೆ. ನಮಗೆ ಬರುವ ಬಿಸಿಲು ಆ ಬೆಸುಗೆಯ ಶಾಖವೇ.

ಹೀಲಿಯಂ ಜಮಖಂಡಿಯಲ್ಲಿ ಪತ್ತೆಯಾಯಿತೆಂದು ನಾವು ಹೇಳಲಾರೆವು. ಹಾಗೆ ಹೇಳಿದರೆ ಗುಂಟೂರಿನ ಒಂದು ವಾಕ್ಯದ ಕಥೆಗೆ ಪ್ರತಿಯಾಗಿ ಅಂಥದೇ ಮತ್ತೊಂದನ್ನು ಹುಟ್ಟಿಸಿದಂತಾಗುತ್ತದೆ. ಹೊರನಾಡಿನಲ್ಲಿರುವ ನಮಗೆ ಊರಿನ ಹೆಸರನ್ನು ದೊಡ್ಡದಾಗಿ ಹೇಳಿಕೊಳ್ಳುವ ಆಸೆ ತುಸು ಹೆಚ್ಚೇ ಇರುತ್ತದೆ. ಆದರೆ ನಿಜ ಹೇಳಿದರೂ ಜಮಖಂಡಿಗೆ ಸಲ್ಲುವ ಗೌರವ ಕಡಿಮೆಯಲ್ಲ. ಭೂಮಿಯಲ್ಲಿ ಇನ್ನೂ ಯಾರ ಕೈಗೂ ಸಿಗದಿದ್ದ ಧಾತುವಿನ ಬೆಳಕನ್ನು ಮೊದಲು ಕಂಡು ಅಳೆದ ಕೆಲವೇ ಊರುಗಳಲ್ಲಿ ಅದೂ ಒಂದು. ಅಲ್ಲಿ ಸಿಕ್ಕ ಅಳತೆಯನ್ನು ಹರ್ಷೆಲ್ ಮುಚ್ಚುಮರೆಯಿಲ್ಲದೆ ಲಂಡನ್ನಿಗೆ ಬರೆದು ಕಳಿಸಿದರು; ಅದರ ಅರ್ಥ ಹೊಳೆದದ್ದು ಮತ್ತೊಬ್ಬರಿಗೆ. ವಿಜ್ಞಾನ ಬೆಳೆಯುವುದು ಹೆಚ್ಚಾಗಿ ಹೀಗೆಯೇ.