ಡಿನೇರಿಯಸ್

ಡಿನೇರಿಯಸ್ ಪ್ರಾಚೀನ ರೋಮ್‌ನ ಬೆಳ್ಳಿ ನಾಣ್ಯ. ಕ್ರಿ.ಪೂ. 211ರ ಸುಮಾರಿಗೆ ಚಲಾವಣೆಗೆ ಬಂದ ಇದು ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ರೋಮನ್ನರ ಹಣಕಾಸು ವ್ಯವಸ್ಥೆಗೆ ಆಧಾರವಾಗಿತ್ತು. ಲ್ಯಾಟಿನ್ ಭಾಷೆಯಲ್ಲಿ ಈ ಹೆಸರಿಗೆ ‘ಹತ್ತನ್ನು ಒಳಗೊಂಡದ್ದು’ ಎಂಬ ಅರ್ಥವಿದೆ. ಆರಂಭದಲ್ಲಿ ಒಂದು ಡಿನೇರಿಯಸ್ ‘ಆಸ್’ ಎಂಬ ಹತ್ತು ಕಂಚಿನ ನಾಣ್ಯಗಳಿಗೆ ಸಮನಾಗಿತ್ತು.

ಹಿನ್ನೆಲೆ

ಮೊದಮೊದಲು ರೋಮನ್ನರ ಆಸ್ ನಾಣ್ಯವು ಸುಮಾರು ಒಂದು ರೋಮನ್ ಪೌಂಡ್, ಅಂದರೆ 325 ಗ್ರಾಂನಷ್ಟು ತೂಗುತ್ತಿತ್ತು. ಅದನ್ನು ಅಚ್ಚಿನಲ್ಲಿ ಎರಕ ಹೊಯ್ದು ತಯಾರಿಸುತ್ತಿದ್ದರು. ಹತ್ತು ನಾಣ್ಯಗಳನ್ನು ಹೊತ್ತು ಸಂತೆಗೆ ಹೋಗುವುದೇ ಒಂದು ಶ್ರಮವಾಗಿದ್ದಿರಬೇಕು! ಹ್ಯಾನಿಬಾಲನೊಡನೆ ನಡೆದ ಯುದ್ಧದ (ಕ್ರಿ.ಪೂ. 218–201) ವೆಚ್ಚದಿಂದಾಗಿ ಆಸ್‌ನ ತೂಕ ಪೌಂಡಿನ ಆರನೆಯ ಒಂದು ಭಾಗಕ್ಕೆ ಇಳಿಯಿತು. ಡಿನೇರಿಯಸ್ ಹುಟ್ಟಿದ್ದು ಆ ಯುದ್ಧಕಾಲದಲ್ಲೇ.

ತೂಕ ಮತ್ತು ಲೋಹ

ಒಂದು ಪೌಂಡ್ ಬೆಳ್ಳಿಯಿಂದ ಮೊದಲು 72 ಡಿನೇರಿಯಸ್‌ಗಳನ್ನು ಟಂಕಿಸಲಾಗುತ್ತಿತ್ತು. ಪ್ರತಿಯೊಂದರ ತೂಕ ಸುಮಾರು 4.5 ಗ್ರಾಂ. ಅನಂತರ ಈ ಸಂಖ್ಯೆ 84ಕ್ಕೆ ಏರಿತು. ಕ್ರಿ.ಪೂ. 2ನೆಯ ಶತಮಾನದ ಮಧ್ಯಭಾಗದಲ್ಲಿ ಡಿನೇರಿಯಸ್‌ನ ಬೆಲೆಯನ್ನು 16 ಆಸ್‌ಗಳಿಗೆ ಹೆಚ್ಚಿಸಲಾಯಿತು. ಆದರೂ ಹಳೆಯ ಹೆಸರು ಬದಲಾಗಲಿಲ್ಲ. ಚಕ್ರವರ್ತಿ ಅಗಸ್ಟಸ್‌ನ ವ್ಯವಸ್ಥೆಯಲ್ಲಿ ಒಂದು ಚಿನ್ನದ ಆರಿಯಸ್‌ಗೆ 25 ಡಿನೇರಿಯಸ್, ಒಂದು ಡಿನೇರಿಯಸ್‌ಗೆ 4 ಸೆಸ್ಟರ್ಷಿಯಸ್. ಸೆಸ್ಟರ್ಷಿಯಸ್ ಹಿತ್ತಾಳೆಯದು, ಆಸ್ ತಾಮ್ರದ್ದು. ಗಾತ್ರವೊಂದನ್ನೇ ನೋಡಿದರೆ ಬೆಲೆ ತಿಳಿಯುತ್ತಿರಲಿಲ್ಲ: ದೊಡ್ಡ ಹಿತ್ತಾಳೆ ನಾಣ್ಯ ಪುಟ್ಟ ಬೆಳ್ಳಿ ನಾಣ್ಯದ ಕಾಲುಭಾಗಕ್ಕೆ ಮಾತ್ರ ಸಮನಾಗಿತ್ತು.

ಬೆರಕೆ

ಕ್ರಿ.ಶ. 64ರಲ್ಲಿ ನೀರೋ ಪೌಂಡಿಗೆ 96 ನಾಣ್ಯಗಳಂತೆ ತೂಕವನ್ನು ಇಳಿಸಿದ್ದಲ್ಲದೆ ಬೆಳ್ಳಿಗೆ ತಾಮ್ರವನ್ನೂ ಬೆರೆಸಿದನು. ಸೈನಿಕರ ಸಂಬಳ ಏರಿದಂತೆಲ್ಲ ಖಜಾನೆಗೆ ಇದು ಸುಲಭದ ದಾರಿಯಾಯಿತು. ಸೆಪ್ಟಿಮಿಯಸ್ ಸೆವೆರಸ್‌ನ ಕಾಲಕ್ಕೆ ನಾಣ್ಯದಲ್ಲಿ ಉಳಿದ ಬೆಳ್ಳಿ ಹೆಚ್ಚುಕಡಿಮೆ ಅರ್ಧ. ಕ್ರಿ.ಶ. 215ರಲ್ಲಿ ಕ್ಯಾರಕಲ್ಲ ಹೊರಡಿಸಿದ ಹೊಸ ನಾಣ್ಯವು ಎರಡು ಡಿನೇರಿಯಸ್‌ಗಳ ಬೆಲೆಯದೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಅದರ ತೂಕವಾದರೋ ಸುಮಾರು ಒಂದೂವರೆ ಡಿನೇರಿಯಸ್‌ನಷ್ಟು. ಜನರೇನೂ ಮೋಸಹೋಗಲಿಲ್ಲ. ಒಳ್ಳೆಯ ಹಳೆಯ ನಾಣ್ಯಗಳನ್ನು ಬಚ್ಚಿಟ್ಟು ಬೆರಕೆಯವನ್ನು ವ್ಯವಹಾರಕ್ಕೆ ಬಿಟ್ಟರು. ಕ್ರಿ.ಶ. 260ರ ದಶಕದಲ್ಲಿ ಗ್ಯಾಲಿಯೆನಸ್‌ನ ‘ಬೆಳ್ಳಿ’ ನಾಣ್ಯಗಳು ವಾಸ್ತವವಾಗಿ ಬೆಳ್ಳಿಯ ತೆಳುಲೇಪವಿದ್ದ ತಾಮ್ರದ ಬಿಲ್ಲೆಗಳಾಗಿದ್ದವು. ಬೆಲೆಗಳು ವಿಪರೀತ ಏರಿದಾಗ ಡಯೋಕ್ಲೀಷಿಯನ್ ಕ್ರಿ.ಶ. 301ರಲ್ಲಿ ಸರಕು ಮತ್ತು ಕೂಲಿಗೆ ಗರಿಷ್ಠ ದರಗಳನ್ನು ವಿಧಿಸಿದನು. ಆ ಶಾಸನದಲ್ಲಿ ಲೆಕ್ಕವೆಲ್ಲ ಡಿನೇರಿಯಸ್‌ಗಳಲ್ಲಿದೆ. ಆದರೆ ಅಷ್ಟರಲ್ಲಿ ಅದು ಲೆಕ್ಕದ ಮಾನವಾಗಿ ಮಾತ್ರ ಉಳಿದಿತ್ತು.

ಭಾರತದಲ್ಲಿ

ಮೆಣಸು, ರತ್ನ, ಬಟ್ಟೆಗಳ ವ್ಯಾಪಾರದಿಂದ ಡಿನೇರಿಯಸ್‌ಗಳು ದಕ್ಷಿಣ ಭಾರತಕ್ಕೂ ಬಂದವು. ಇಲ್ಲಿ ದೊರೆತವುಗಳಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸ್‌ರ ನಾಣ್ಯಗಳೇ ಬಹಳ; ನೀರೋ ಬೆರಕೆ ಮಾಡಿದ ಮೇಲಿನವು ವಿರಳ. ಇಲ್ಲಿಯ ವರ್ತಕರು ಶುದ್ಧ ಬೆಳ್ಳಿಯನ್ನೇ ಆರಿಸಿಕೊಳ್ಳುತ್ತಿದ್ದರೆಂದು ಹಲವು ವಿದ್ವಾಂಸರು ಇದನ್ನು ವಿವರಿಸಿದ್ದಾರೆ. ಕರ್ನಾಟಕದಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಇಂತಹ ನಾಣ್ಯಗಳ ನಿಧಿಯೊಂದು ದೊರೆಯಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಡಿನೇರಿಯಸ್‌ಗಳು ಸಿಕ್ಕಿವೆ.

ಗುಪ್ತರ ಕಾಲದ ಶಾಸನಗಳ ‘ದೀನಾರ’ ಮತ್ತು ಅರಬ್ಬರ ‘ದಿನಾರ್’ ಎಂಬ ಪದಗಳ ಮೂಲವೂ ಡಿನೇರಿಯಸ್‌. ಆದರೆ ಅವು ಸೂಚಿಸಿದ್ದು ಚಿನ್ನದ ನಾಣ್ಯವನ್ನು.