ಗಡಿಯ ತಟ್ಟೆಯಲ್ಲಿ ಬ್ರೆಡ್ಡಿನ ಹೋಳು

ನಿಪ್ಪಾಣಿ ತಾಲ್ಲೂಕಿನ ಬೋರಗಾಂವಕ್ಕೆ ಮಹಾರಾಷ್ಟ್ರದ ಇಚಲಕರಂಜಿ ಹತ್ತಿರದ ಊರು. ಬೆಳಗಿನ ತಿಂಡಿಯೆಂದರೆ ಇಡ್ಲಿ, ದೋಸೆ ಎಂದುಕೊಂಡು ಈ ಸೀಮೆಗೆ ಬರುವ ದಕ್ಷಿಣದವರಿಗೆ ಇಲ್ಲಿ ಎದುರಾಗುವುದು ಮಿಸಳ. ಮೊಳಕೆ ಬರಿಸಿದ ಮಡಕಿ ಕಾಳಿನ ಪಲ್ಯ, ಅದರ ಮೇಲೆ ಫರಸಾಣ, ಹೆಚ್ಚಿದ ಉಳ್ಳಾಗಡ್ಡಿ, ಒಂದು ಹೋಳು ನಿಂಬೆ, ಮೇಲೆ ಕೆಂಪೆಣ್ಣೆ ತೇಲುವ 'ಕಟ್'. ನಮ್ಮ ಹೋಳಿಗೆ ಸಾರಿನ ಕಟ್ಟನ್ನು ನೆನಪಿಸುವ ಹೆಸರು; ಖಾರ ಮಾತ್ರ ಬೇರೆ. ಮುಂಬೈಯಲ್ಲಿ ಇದಕ್ಕೆ ಉಬ್ಬಿದ ಪಾವು ಜೊತೆಯಾದರೆ, ಕೊಲ್ಹಾಪುರದ ಪದ್ಧತಿಯಲ್ಲಿ ಕೊಯ್ದ ಬ್ರೆಡ್ಡಿನ ಹೋಳು.

ಜೋಳದ ರೊಟ್ಟಿಯ ನಾಡಿಗೆ ಈ ಬ್ರೆಡ್ಡು ಬಂದದ್ದು ಹೇಗೆ?

1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಹುದುಗಿಸಿದ ಗೋದಿ ರೊಟ್ಟಿಯನ್ನು ಅಲ್ಲಿ ಬಳಕೆಗೆ ತಂದರು. ಹಿಟ್ಟು ಹುದುಗಲು ಗೋವೆಯವರು ತಾಳೆಯ ಸೇಂದಿ ಬೆರೆಸಿದರು. 'ಪಾವು' ಎಂಬ ಮಾತೂ ಪೋರ್ಚುಗೀಸರದೇ. 'ಬಟಾಟಿ'ಯೂ ಅಷ್ಟೆ. ಕೊಲ್ಹಾಪುರದ ಹೆಮ್ಮೆಯ ಖಾರಕ್ಕೆ ಮೂಲವಾದ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಅವರ ಹಡಗೇರಿಯೇ ಬಂದದ್ದು! ಮುಂದೆ ಗೋವೆಯ ಬೇಕರಿಯವರು ಮುಂಬೈಗೂ ಈ ಕಸುಬನ್ನು ಒಯ್ದರು.

ಆದರೆ ಜನ ಸುಲಭವಾಗಿ ಒಪ್ಪಲಿಲ್ಲ. ಪಾವು ತಿಂದರೆ ಜಾತಿ ಕೆಡುತ್ತದೆ ಎಂಬ ಭಯವಿತ್ತು. ಬಾವಿಗೆ ಪಾವಿನ ತುಂಡು ಎಸೆದು, ಆ ನೀರು ಕುಡಿದವರನ್ನೆಲ್ಲ ಮತಾಂತರಗೊಂಡವರೆಂದು ಸಾರಿದ ಕಥೆಗಳು ಕೊಂಕಣ ತೀರದಲ್ಲಿ ಹೇರಳ. ಜಾತಿಯ ಭಯ ಸಡಿಲಿದ ಮೇಲೂ ಬಹುಕಾಲ ಬ್ರೆಡ್ಡು ನಮ್ಮ ಮನೆಗಳಲ್ಲಿ ಜ್ವರ ಬಂದವರ ಆಹಾರವಾಗಿಯೇ ಉಳಿಯಿತು.

ಅಗ್ಗದ ಗೋದಿ ಇದನ್ನು ಬದಲಿಸಿತು ಎನ್ನುವವರಿದ್ದಾರೆ. ಪಿ.ಎಲ್. 480 ಯೋಜನೆಯಲ್ಲಿ ಭಾರತ 1956ರಲ್ಲಿ ಅಮೆರಿಕದೊಂದಿಗೆ ಒಪ್ಪಂದ ಮಾಡಿಕೊಂಡಿತು. 1965ರಲ್ಲಿ ಕೇಂದ್ರ ಸರ್ಕಾರ ತಾನೇ ಮಾಡರ್ನ್ ಬೇಕರೀಸ್ ತೆರೆಯಿತು. ಅನ್ನ ಉಣ್ಣುವ ತೈವಾನಿಗೂ 1951ರಿಂದ 1965ರವರೆಗೆ ನಡೆದ ಅಮೆರಿಕದ ನೆರವಿನಲ್ಲಿ ಗೋದಿ ಬಂತು. 1980ರ ದಶಕದ ಹೊತ್ತಿಗೆ ಅಲ್ಲಿನ ಗಲ್ಲಿಗಳಲ್ಲಿ ಪುಟ್ಟ ಸ್ಯಾಂಡ್‌ವಿಚ್ ಅಂಗಡಿಗಳು ಹಬ್ಬಿದವು. ಹೋಳುಗಳ ನಡುವೆ ಮೊಟ್ಟೆ, ಸೌತೆಕಾಯಿ, ಹಂದಿಮಾಂಸ, ಸಿಹಿಯಾದ ಮೇಯೊನೀಸ್. ಶಾಲೆಗೂ ಕೆಲಸಕ್ಕೂ ಹೊರಟವರ ಕೈತುತ್ತು ಅದು.

ಗೋದಿ ಬಂದ ಮಾತ್ರಕ್ಕೆ ಬಾಯಿರುಚಿ ಬದಲಾಗದು. ಬೆಳಗಿನ ಹೊತ್ತು ಯಾರ ಕೈಯಲ್ಲಿ ಉಳಿದಿದೆ ಎಂಬುದೂ ಮುಖ್ಯ. 1904ರಲ್ಲಿ ಇಚಲಕರಂಜಿಗೆ ಮೊದಲ ವಿದ್ಯುತ್ ಮಗ್ಗ ಬಂತು; ಬರಬರುತ್ತ ಊರೇ ಪಾಳಿಯ ಮೇಲೆ ನಡೆಯತೊಡಗಿತು. ನಿಪ್ಪಾಣಿಯಲ್ಲಿ ತಂಬಾಕಿನ ವಖಾರಗಳು ಹೆಂಗಸರ ದುಡಿಮೆಯ ಮೇಲೆ ನಿಂತವು. ಅವರ ಹೋರಾಟವನ್ನು ಯುಗಾಂತರ ಎಂಬ ಮಹಿಳೆಯರ ತಂಡ 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿತು. ಜೋಳದ ರೊಟ್ಟಿಗೆ ಒಲೆ ಬೇಕು, ಹಿಟ್ಟು ನಾದಬೇಕು, ಒಂದೊಂದಾಗಿ ಬಡಿಯಬೇಕು. ಬಡಿಯುವ ಕೈಯೇ ನಸುಕಿನಲ್ಲಿ ವಖಾರಕ್ಕೆ ಹೊರಟರೆ ರೊಟ್ಟಿ ಎಲ್ಲಿಂದ ಬರಬೇಕು? ಬ್ರೆಡ್ಡು ಈ ಸೀಮೆಯಲ್ಲಿ ನೆಲೆಯೂರಲು ಸರ್ಕಾರದ ಬೇಕರಿಗಿಂತ ಇದೇ ದೊಡ್ಡ ಕಾರಣವೆಂದು ನನಗೆ ತೋರುತ್ತದೆ.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಗಡಿಯ ತಂಟೆ ಇನ್ನೂ ನ್ಯಾಯಾಲಯದಲ್ಲಿದೆ. ಮಿಸಳದ ಅಂಗಡಿಯಲ್ಲಿ ಮಾತ್ರ ಎರಡೂ ಭಾಷೆ ನಡೆಯುತ್ತವೆ. ಅಲ್ಲಿ ಕಟ್ ಸಾಲದಿದ್ದರೆ ಮತ್ತೆ ಕೇಳಿ ಹಾಕಿಸಿಕೊಳ್ಳಬಹುದು. ಬಹಳ ಕಡೆ ಅದಕ್ಕೆ ದುಡ್ಡಿಲ್ಲ. ಹೆಚ್ಚಿಗೆ ತಿಂದ ಬ್ರೆಡ್ಡಿಗೆ ಮಾತ್ರ ಲೆಕ್ಕ.